ಜೋಳದ ಕೋಣೆಯಲ್ಲೊಂದು ಟಾಯ್ಲೆಟ್: ಕೊಪ್ಪಳದ ಒಂದು ಹಳೇ ಮನೆಯ ಕಥೆ

ಮನೆ ಕೊಪ್ಪಳದ ಹಳೇ ಊರಿನಲ್ಲಿದೆ. ಮಾಳಿಗೆ ಹತ್ತಿದರೆ ಕೋಟೆ ಗುಡ್ಡ ಕಾಣುತ್ತದೆ. ಮುಂದಿನ ಅರ್ಧ ಆರ್‌ಸಿಸಿ, ಹಿಂದಿನ ಅರ್ಧ ಇನ್ನೂ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಯಜಮಾನರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸರ, ಪಡಸಾಲಿ ಮೆಟ್ಟಿಲ ಕೆಳಗ ಒಂದು ಸಣ್ಣ ಟಾಯ್ಲೆಟ್ ಕೂಡಸಬೇಕು. ಜಾಗ ರೆಡಿ ಐತಿ. ಪೈಪ್ ಎಲ್ಲಿಂದ ಒಯ್ಯೋದು ಅಷ್ಟು ಬಂದು ಹೇಳ್ರಿ."

ಹಳೇ ಮನೆ ರಿಪೇರಿ ನನ್ನ ಕೆಲಸ. ಜಾಗ ರೆಡಿ ಇದೆ ಅಂದ ಮನೆಗೆ ನಾನು ಅಳತೆ ಟೇಪಿನ ಜೊತೆ ನೆಲದ ಏರುತಗ್ಗು ಅಳೆಯುವ ನೀರಿನ ಮಟ್ಟದ ಪೈಪನ್ನೂ ತಗೊಂಡು ಹೋಗುತ್ತೇನೆ. ಜಾಗ ಕಣ್ಣಿಗೆ ಕಾಣುತ್ತದೆ, ಮಟ್ಟ ಕಾಣುವುದಿಲ್ಲ.

ಈ ಮನೆಯವರಿಗೆ ಟಾಯ್ಲೆಟ್ ಯಾಕೆ ಬೇಕಿತ್ತು ಅನ್ನುವುದಕ್ಕೆ ಮನೆಯಲ್ಲಿ ಮೂರು ಉತ್ತರ ಇದ್ದವು. ಯಜಮಾನರ ಪ್ರಕಾರ ಬೀಗರಿಗಾಗಿ. ಗವಿಮಠದ ಜಾತ್ರೆ ಬಂದರೆ ಮನೆ ತುಂಬಾ ಜನ. ಬಂದವರೆಲ್ಲ ಹಿತ್ತಲಿಗೆ ಹೋಗಬೇಕು, ಅದು ಅವರಿಗೆ ಮುಜುಗರ. ಬೆಂಗಳೂರಿನಲ್ಲಿರುವ ಮಗ ಮೊಬೈಲಿನಲ್ಲಿ ಫೋಟೊಗಳನ್ನು ತೋರಿಸಿದ. ಕಮೋಡು, ಬೇಸಿನ್ನು, ಒಂದು ಕನ್ನಡಿ, ಸ್ನಾನದ ಜಾಗ ಇಲ್ಲ. ಇದಕ್ಕೆ ಪೌಡರ್ ರೂಮ್ ಅಂತಾರೆ ಅಂದ. ಪಕ್ಕದಲ್ಲಿ ಕೂತಿದ್ದ ಅವನ ಅಜ್ಜಿ ಕೇಳಿದರು: "ಪೌಡರ್ ಹಚ್ಚಿಕೊಳ್ಳಾಕ ಒಂದು ಖೋಲಿ ಬೇಕೇನಪ್ಪಾ?" ಎಲ್ಲರೂ ನಕ್ಕರು.

ಮೂರನೇ ಉತ್ತರ ಆ ಮನೆಯ ಸೊಸೆಯದು. ಆಕೆ ಅದನ್ನು ಹೇಳಿದ್ದು ನಾನು ಚಹಾ ಕುಡಿದು ಲೋಟ ಕೊಡಲು ಅಡುಗೆಮನೆ ಬಾಗಿಲಿಗೆ ಹೋದಾಗ. ಹಿತ್ತಲಿಗೆ ಹೋಗುವ ದಾರಿ ಇರುವುದು ಆ ಅಡುಗೆಮನೆಯ ನಡುವೆಯೇ. "ನಾ ರೊಟ್ಟಿ ಬಡೀತಿರ್ತೀನ್ರಿ. ಬೀಗರು ಚೊಂಬು ಹಿಡಕೊಂಡು ನನ್ನ ಹಿಂದ ದಾಟ್ಕೊಂಡು ಹೋಗ್ತಾರ. ಅವರಿಗೂ ನಾಚಿಕಿ, ನನಗೂ ನಾಚಿಕಿ."

ಅಲ್ಲಿಗೆ ಒಂದು ಮಾತು ಗೊತ್ತಾಯಿತು. ಹೊಸ ಟಾಯ್ಲೆಟ್ ಪಡಸಾಲೆಯಲ್ಲೇ ಇರಬೇಕು ಅಂತೇನಿಲ್ಲ. ಅಡುಗೆಮನೆಗಿಂತ ಈಚೆ ಇದ್ದರೆ ಸಾಕು.

ಮನೆಯ ನಕ್ಷೆಯನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಬಾಗಿಲು ಪೂರ್ವಕ್ಕೆ. ಒಳಗೆ ಬಂದರೆ ಎಡಕ್ಕೆ, ಅಂದರೆ ತೆಂಕಣ ಬದಿಗೆ, ಹಿಂದೆ ದನ ಕಟ್ಟುತ್ತಿದ್ದ ಅಂಕಣ. ಅದು ಪಡಸಾಲೆಗಿಂತ ಒಂದೂವರೆ ಅಡಿ ತಗ್ಗು. ಗೋದಲಿ ಹೋಗಿದೆ, ಈಗ ಎರಡು ಬೈಕ್ ನಿಲ್ಲುತ್ತವೆ. ಬಲಕ್ಕೆ, ಬಡಗಣ ಗೋಡೆಗೆ ಹೊಂದಿಕೊಂಡು ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು. ಆ ಗೋಡೆ ಪಕ್ಕದ ಮನೆಯವರಿಗೂ ಸೇರಿದ್ದು. ಪಡಸಾಲೆ ದಾಟಿದರೆ ನಡುಮನೆ, ಅದರ ಬಡಗಣ ಬದಿಗೆ ದೇವರ ಮನೆ, ತೆಂಕಣ ಬದಿಗೆ ಜೋಳದ ಕೋಣೆ. ಆಮೇಲೆ ಅಡುಗೆಮನೆ, ಬಚ್ಚಲು, ಹಿತ್ತಲು. ಹಿತ್ತಲಿನ ಕೊನೆಗೆ ಹಳೇ ಪಾಯಖಾನೆ, ಅದರ ಪಕ್ಕ ಸೆಪ್ಟಿಕ್ ಟ್ಯಾಂಕು. ಮನೆಯ ತೆಂಕಣ ಗೋಡೆಗುಂಟ ಮೂರು ಅಡಿ ಚಿಲ್ಲರೆ ಅಗಲದ ಒಂದು ಸಂದಿ ಬೀದಿಯಿಂದ ಹಿತ್ತಲವರೆಗೂ ಇದೆ. ಟ್ಯಾಂಕು ಖಾಲಿ ಮಾಡುವ ಗಾಡಿಯ ಪೈಪು ಅದರಲ್ಲೇ ಹೋಗಬೇಕು.

ಮೊದಲು ಮೆಟ್ಟಿಲ ಕೆಳಗಿನ ಜಾಗವನ್ನೇ ನೋಡಿದೆವು, ಮನೆಯವರ ಮನಸ್ಸು ಅಲ್ಲೇ ಇತ್ತಲ್ಲ. ಮೆಟ್ಟಿಲು ಒಂದೊಂದೂ 7 ಇಂಚು ಎತ್ತರ. ಹತ್ತನೇ ಮೆಟ್ಟಿಲಿಗೆ ಲ್ಯಾಂಡಿಂಗ್. ಅಲ್ಲಿಗೆ 5 ಅಡಿ 10 ಇಂಚು ಆಯಿತು. ಸ್ಲ್ಯಾಬು, ಅದರ ಮೇಲಿನ ಕಲ್ಲು ಎಲ್ಲ ಸೇರಿ 6 ಇಂಚು ಕಳೆದರೆ ಕೆಳಗೆ ನಿಲ್ಲುವವನಿಗೆ ಉಳಿಯುವುದು 5 ಅಡಿ 4 ಇಂಚು. ಯಜಮಾನರೇ 5 ಅಡಿ 8 ಇಂಚು ಇದ್ದಾರೆ. ಕೂತು ಏಳುವಾಗ ತಲೆ ಸ್ಲ್ಯಾಬಿಗೆ ಹೊಡೆಯುವುದು ಗ್ಯಾರಂಟಿ. "ಒಂದಡಿ ನೆಲ ಅಗದು ತಗ್ಗು ಮಾಡೋಣ" ಅಂದ ಪ್ಲಂಬರ್. ತಲೆಗೆ ಜಾಗ ಸಿಗುತ್ತದೆ, ಪೈಪಿಗೆ ಹೋಗುತ್ತದೆ.

ಈ ಪೈಪಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ಕಮೋಡಿನಿಂದ ಹೋಗುವ ನಾಲ್ಕಿಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಕೊಡುವುದು ಹಳೇ ರೂಢಿ. ಮೆಟ್ಟಿಲ ಕೆಳಗಿನಿಂದ ಟ್ಯಾಂಕಿಗೆ 46 ಅಡಿ. ಅಂದರೆ ಸುಮಾರು 14 ಇಂಚು ಇಳಿಯಬೇಕು. ಕಮೋಡಿನಿಂದ ನೆಲದಡಿ ತಿರುಗುವ ಬೆಂಡಿಗೇ 8 ಇಂಚು ಬೇಕು. ಒಟ್ಟು 22 ಇಂಚು. ಮಟ್ಟದ ಪೈಪು ಹಿಡಿದು ನೋಡಿದರೆ ಪಡಸಾಲೆ ನೆಲಕ್ಕೂ ಟ್ಯಾಂಕಿಗೆ ಸೇರುವ ಪೈಪಿನ ತಳಕ್ಕೂ ಇದ್ದ ಅಂತರ 17 ಇಂಚು ಮಾತ್ರ. ಐದಿಂಚು ಕಡಿಮೆ.

ಪ್ಲಂಬರ್ ಬಿಡಲಿಲ್ಲ. "60ಕ್ಕೆ 1 ಕೊಟ್ರೂ ಹೋಗ್ತದ ಸರ, ಎಷ್ಟು ಮನಿಗೆ ಮಾಡೀನಿ." ಲೆಕ್ಕಕ್ಕೆ ಅದು ಕೂಡುತ್ತದೆ ಕೂಡ, 9 ಮತ್ತು 8 ಸೇರಿ ಸರಿಯಾಗಿ 17. ಆದರೆ ಈ ಮನೆಗೆ ನಳದ ನೀರು ದಿನಾ ಬರುವುದಿಲ್ಲ. ಹಾಗಾಗಿ ಸಣ್ಣ ಬಟನ್ನಿಗೆ 3 ಲೀಟರ್, ದೊಡ್ಡದಕ್ಕೆ 6 ಲೀಟರ್ ಬಿಡುವ ಫ್ಲಶ್ ಹಾಕುವುದು ಅಂತ ಮೊದಲೇ ಮಾತಾಗಿತ್ತು. ಕಡಿಮೆ ನೀರು, ಕಡಿಮೆ ಇಳಿಜಾರು, ಉದ್ದದ ಪೈಪು, ಮೂರೂ ಒಟ್ಟಿಗೆ ಸೇರಿದರೆ ನೀರು ಮುಂದೆ ಹೋಗಿ ಉಳಿದದ್ದು ಹಿಂದೆ ನಿಲ್ಲುತ್ತದೆ. ನಿಲ್ಲುವ ಜಾಗ ಯಾವುದು? ನಡುಮನೆ ಅಥವಾ ಅಡುಗೆಮನೆಯ ಅಡಿ. ಜಾತ್ರೆ ದಿನ ಒಲೆ ಮುಂದಿನ ಫರಸಿ ಕೀಳಿಸುವ ಧೈರ್ಯ ಯಾರಿಗಿದೆ? ಇನ್ನೊಂದು ತಕರಾರೂ ಇತ್ತು. ಮೆಟ್ಟಿಲ ಕೆಳಗಿನ ಜಾಗಕ್ಕೆ ಹೊರಗಿನ ಗಾಳಿಗೆ ತೆರೆಯುವ ಗೋಡೆಯೇ ಇಲ್ಲ, ಇರುವುದು ಪಕ್ಕದವರ ಗೋಡೆ. ಟಾಯ್ಲೆಟ್ಟಿನ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕು ಅನ್ನುವುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾತು, ಮೂಗಿನ ಮಾತೂ ಅದೇ.

ದನದ ಅಂಕಣವನ್ನು ಐದು ನಿಮಿಷದಲ್ಲಿ ಬಿಟ್ಟೆವು. ಅದರ ನೆಲ ಟ್ಯಾಂಕಿನ ಪೈಪಿಗಿಂತಲೂ ಒಂದಿಂಚು ಕೆಳಗಿದೆ. ಹಿಂದೆ ಅಲ್ಲಿಯ ಗಂಜಳ ಮೋರಿಯಿಂದ ಬೀದಿಗೆ ಹೋಗುತ್ತಿತ್ತು. ಈಗ ಟಾಯ್ಲೆಟ್ ನೀರನ್ನು ಬೀದಿ ಚರಂಡಿಗೆ ಬಿಡಲಾಗುತ್ತದೆಯೇ? ಸಂದಿಯಲ್ಲಿ ಕಟ್ಟಿದರೆ ಟ್ಯಾಂಕಿನ ಗಾಡಿಯ ದಾರಿ ಬಂದ್. ಪಡಸಾಲೆಯ ಮುಂದಿನ ಬಲ ಮೂಲೆ ಈಶಾನ್ಯ. ಅದರ ಹೆಸರೆತ್ತಿದ್ದಕ್ಕೇ ಯಜಮಾನರು ಎದ್ದು ಹೊರಗೆ ಹೋದರು.

ಆಗ ಉಳಿದದ್ದು ಜೋಳದ ಕೋಣೆ. ನಾನು ಅದನ್ನು ಆವರೆಗೆ ತೆರೆದೇ ನೋಡಿರಲಿಲ್ಲ. ಬಾಗಿಲಿಗೆ ಒಂದು ಹಳೇ ಬೀರು ಅಡ್ಡ ನಿಂತಿತ್ತು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿದೆ. ಅಜ್ಜಿಗೆ 74 ವರ್ಷ, ಬಲ ಮೊಣಕಾಲು ನೋವು. ನಡುಮನೆಯಲ್ಲಿ ಮಲಗುತ್ತಾರೆ. "ಅಮ್ಮಾ, ರಾತ್ರಿ ಹಿತ್ತಲಕ್ಕ ಹೆಂಗ ಹೋಗ್ತೀರಿ, ಒಂದ್ಸಲ ಹೋಗಿ ತೋರಸ್ರಿ" ಅಂದೆ. ಅವರು ಎದ್ದು ನಡೆದರು, ನಾನು ಹಿಂದೆ ಎಣಿಸುತ್ತಾ ಹೋದೆ. ಅಡುಗೆಮನೆ ಹೊಸ್ತಿಲ ಹತ್ತಿರ ಬಾಗಿಲ ಚೌಕಟ್ಟು ಹಿಡಿದು, ಮೊದಲು ಎಡಗಾಲು ದಾಟಿಸಿ, ಬಲಗಾಲನ್ನು ಕೈಯಿಂದ ಎತ್ತಿ ಆಚೆ ಇಟ್ಟರು. ಆ ಹೊಸ್ತಿಲು 7 ಇಂಚು. ಬಚ್ಚಲ ಆಚೆ ಇನ್ನೊಂದು ಹೊಸ್ತಿಲು, ಕೆಳಗೆ ಎರಡು ಮೆಟ್ಟಿಲು. ಚೌಕಟ್ಟಿನಲ್ಲಿ ಅವರ ಕೈ ಹಿಡಿಯುವ ಜಾಗ ನುಣುಪಾಗಿ ಕಪ್ಪಾಗಿತ್ತು. ಒಟ್ಟು 31 ಹೆಜ್ಜೆ. "ರಾತ್ರಿ ಎರಡು ಸಲ ಏಳ್ತೀನಪ್ಪಾ. ಅದಕ್ಕ ಸಂಜಿ ಮ್ಯಾಲ ನೀರು ಕುಡಿಯೋದು ಬಿಟ್ಟೀನಿ."

ಯಜಮಾನರು ಅಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ. ಬೀರು ಸರಿಸಲು ಅವರೇ ಮೊದಲು ಕೈ ಹಾಕಿದರು.

ಜೋಳದ ಕೋಣೆ ಪೂರ್ವ ಪಶ್ಚಿಮ 9 ಅಡಿ, ತೆಂಕಣ ಬಡಗಣ ಐದೂವರೆ ಅಡಿ. ಈಗ ಜೋಳವಿಲ್ಲ. ಹರಕು ಚಾಪೆ, ತಾಮ್ರದ ಹಂಡೆ, ಮದುವೆಯ ಕಾಲದ ಟ್ರಂಕು ಇದ್ದವು. ತೆಂಕಣ ಗೋಡೆಯ ಆಚೆಯೇ ಸಂದಿ. ಅಲ್ಲಿಂದ ಟ್ಯಾಂಕಿಗೆ 22 ಅಡಿ, ಅಂದರೆ 7 ಇಂಚು ಇಳಿಜಾರು ಸಾಕು. ನಡುಮನೆಯ ನೆಲ ಪಡಸಾಲೆಗಿಂತ 3 ಇಂಚು ಮೇಲಿರುವುದರಿಂದ ನಮ್ಮ ಕೈಯಲ್ಲಿ 20 ಇಂಚು ಇತ್ತು. ಬೆಂಡಿನ 8 ಸೇರಿಸಿದರೂ 15. ಲೆಕ್ಕ ಆರಾಮಾಗಿ ಕೂತಿತು.

ತೊಡಕು ಬಂದದ್ದು ಬಾಗಿಲಲ್ಲಿ. ಆ ಕೋಣೆಯ ಬಾಗಿಲು ನೇರ ದೇವರ ಮನೆಗೆ ಎದುರು. ವಾಸ್ತುವಿನ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ, ದೀಪ ಹಚ್ಚಿ ತಿರುಗಿದರೆ ಕಮೋಡು ಕಾಣುವುದು ನನಗೂ ಸರಿ ಅನ್ನಿಸಲಿಲ್ಲ. ಅವರ ಮನೆಗೆ ಬರುವ ಅಯ್ಯನವರನ್ನು ಕೇಳಿದರು. ಈಶಾನ್ಯವಲ್ಲ, ಮನೆಯ ನಟ್ಟನಡುವೆಯೂ ಅಲ್ಲ, ಬಾಗಿಲು ಮಾತ್ರ ದೇವರಿಗೆ ಎದುರಾಗಬಾರದು ಅಂದರಂತೆ. ಸರಿ, ಕೋಣೆಯನ್ನೇ ಎರಡು ಮಾಡಿದೆವು. ಪಶ್ಚಿಮದ ಮೂರೂವರೆ ಅಡಿ ಟಾಯ್ಲೆಟ್ಟಿಗೆ, ನಡುವೆ ನಾಲ್ಕಿಂಚಿನ ಗೋಡೆ, ಪೂರ್ವದಲ್ಲಿ ಉಳಿದ ಐದಡಿ ಬರೀ ಕೈ ತೊಳೆಯುವ ಜಾಗ. ನಡುಮನೆಯಿಂದ ನೋಡಿದರೆ ಬೇಸಿನ್ನು ಮತ್ತು ಕನ್ನಡಿ ಮಾತ್ರ ಕಾಣುತ್ತವೆ. ಟಾಯ್ಲೆಟ್ಟಿನ ಬಾಗಿಲು ಆ ಜಾಗದೊಳಗೆ ಪಕ್ಕಕ್ಕೆ ತಿರುಗಿದೆ.

ನನಗೆ ಈ ಕೆಲಸದಲ್ಲಿ ಹೆಚ್ಚು ಸಮಾಧಾನ ಕೊಟ್ಟದ್ದು ಆ ಬೇಸಿನ್ನು. ಫೋಟೊದಲ್ಲಿರುವ ಪೌಡರ್ ರೂಮಿನಲ್ಲಿ ಬೇಸಿನ್ನು ಕಮೋಡಿನ ಪಕ್ಕದಲ್ಲೇ, ಒಂದೇ ಚಿಲಕದ ಹಿಂದೆ ಇರುತ್ತದೆ. ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಬೇಕಾಗುವುದು ಕೈಕಾಲಿಗೆ ನೀರು. ಊಟಕ್ಕೆ ಮುಂಚೆ ಕೈ, ಊಟದ ಮೇಲೆ ಮತ್ತೆ ಕೈ. ಹತ್ತು ಜನ ಉಂಡು ಎಂಜಲು ಕೈ ಹಿಡಿದು ನಿಂತಾಗ ಒಬ್ಬರು ಒಳಗೆ ಚಿಲಕ ಹಾಕಿಕೊಂಡರೆ ಗತಿ ಏನು? ಎರಡನ್ನೂ ಬೇರೆ ಮಾಡಿದ್ದರಿಂದ ದಿನಕ್ಕೆ ಇಪ್ಪತ್ತು ಸಲ ಬಳಸುವುದು ಬಯಲಲ್ಲಿ ಉಳಿಯಿತು, ನಾಲ್ಕು ಸಲ ಬಳಸುವುದು ಮರೆಗೆ ಹೋಯಿತು.

ಗೋಡೆ ಕಟ್ಟುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಕಮೋಡಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ಅಜ್ಜಿಯನ್ನು ಕೂರಿಸಿದೆ. ಏಳುವಾಗ ಅವರ ಎಡಗೈ ತಾನಾಗಿಯೇ ಗೋಡೆ ಹುಡುಕಿತು. ಹಿಡಿಕೆಯ ಸರಳನ್ನು ಎಡಗಡೆಗೆ, ಆ ಕೈ ನಿಂತ ಎತ್ತರಕ್ಕೇ ಗುರುತು ಮಾಡಿದೆ. ಸಾಮಾನ್ಯ ಕಮೋಡಿನ ಸೀಟು 16 ಇಂಚು ಇರುತ್ತದೆ. ಇವರಿಗೆ 18 ಇಂಚಿನದು ಅಂತ ಬರೆದುಕೊಂಡೆ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಬಿದ್ದವರ ಮೈಗೇ ಅಡ್ಡ ಸಿಕ್ಕಿಕೊಳ್ಳುತ್ತದೆ.

ಕೆಲಸ ಶುರುವಾದ ಎರಡನೇ ದಿನ ಗೌಂಡಿಯ ಫೋನು. "ಸರ, ನೆಲ ಡಬ್ ಡಬ್ ಅಂತೈತಿ." ಹೋಗಿ ನೋಡಿದರೆ ಪೈಪಿಗೆ ಅಗೆದ ಜಾಗದಲ್ಲಿ ಒಂದು ಚಪ್ಪಡಿ. ಹಾರೆಯಿಂದ ಬಡಿದರೆ ಕೆಳಗೆ ಪೊಳ್ಳು ಸದ್ದು. ಹಗೇವು! ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಅಜ್ಜಿ ಕೋಲೂರಿಕೊಂಡು ಬಂದು ನೋಡಿದರು. "ಜ್ವಾಳದ ಖೋಲಿಯಾಗ ಹಗೇವು ಇರಲಾರದ ಇನ್ನೇನಿರ್ತದ? ನನ್ನ ಯಾರು ಕೇಳಿದ್ರಿ?" ನಿಜ, ಕೇಳಿರಲಿಲ್ಲ. ಕೋಣೆಯ ಹೆಸರೇ ಹೇಳುತ್ತಿತ್ತು, ನಾನು ಕಿವಿ ಕೊಡಲಿಲ್ಲ.

ಕೂಲಿ ಹುಡುಗನೊಬ್ಬ ಉತ್ಸಾಹದಿಂದ ಇಳಿಯಲು ಹೊರಟಿದ್ದ. ಕೊರಳಪಟ್ಟಿ ಹಿಡಿದು ನಿಲ್ಲಿಸಿದೆ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟಿಸುವ ಗಾಳಿ ತುಂಬಿರುತ್ತದೆ. ಹಾಗೆ ಇಳಿದು ಸತ್ತವರಿದ್ದಾರೆ. ಹಿಂದಿನವರು ದೀಪ ಇಳಿಬಿಟ್ಟು ನೋಡುತ್ತಿದ್ದದ್ದು ಸುಮ್ನೆ ಅಲ್ಲ. ನಾವು ಯಾರನ್ನೂ ಇಳಿಸಲೇ ಇಲ್ಲ. ಬಾಯಿ ತೆರೆದು ಅಡ್ಡ ಹಲಗೆ ಇಟ್ಟು ಒಂದು ರಾತ್ರಿ ಬಿಟ್ಟು, ಮೇಲಿನಿಂದಲೇ ಗರಸು ಸುರಿದು, ಪದರ ಪದರಕ್ಕೆ ನೀರು ಹಾಕಿ ತುಂಬಿದೆವು. ಅದಕ್ಕೇ ಮೂರು ದಿನ ಹೋಯಿತು.

ತುಂಬಿದ ಮಣ್ಣು ಎಷ್ಟು ಒತ್ತಿದರೂ ಒಂದೆರಡು ವರ್ಷ ಕುಸಿಯುತ್ತದೆ. ಅದರಲ್ಲಿ ಪೈಪು ಹೂತರೆ ಜೋಡಣೆ ಬಾಯಿ ಬಿಡುತ್ತದೆ. ನಾನು ತರಿಸಿದ್ದು ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡು. ಅಭ್ಯಾಸಬಲ, ಬೇರೇನೂ ಕಾರಣವಿಲ್ಲ. ಅಂಗಡಿಗೆ ವಾಪಸ್ ಕೊಟ್ಟು, ಗೋಡೆಗೆ ಹೋಗುವ ಪಿ ಟ್ರ್ಯಾಪ್ ತಂದೆವು. ಅದರ ಬಾಯಿ ನೆಲದಿಂದ 7 ಇಂಚು ಮೇಲೆ ಇರುತ್ತದೆ. ಪೈಪು ನೇರ ತೆಂಕಣ ಗೋಡೆ ತೂರಿ ಸಂದಿಗೆ ಹೋಯಿತು. ನೆಲ ತೊಳೆದ ನೀರು ಹೋಗುವ ಜಾಲಿಗೆ ಮಾತ್ರ ಆರಿಂಚು ಅಗೆದೆವು. ಇದನ್ನು ಮೊದಲೇ ಯೋಚಿಸಿದ್ದರೆ ಅಷ್ಟು ಆಳ ಅಗೆಯುವ ಕೆಲಸವೇ ಇರುತ್ತಿರಲಿಲ್ಲ ಅಲ್ವಾ ಅಂತ ನೀವು ಕೇಳಬಹುದು. ಹೌದು, ಇರುತ್ತಿರಲಿಲ್ಲ. ಆದರೆ ಅಜ್ಜಿ ಓಡಾಡುವ ನೆಲದ ಕೆಳಗೆ ಪೊಳ್ಳು ಇರುವುದೂ ಗೊತ್ತಾಗುತ್ತಿರಲಿಲ್ಲ.

ಗೋಡೆ ತೂತು ಕೊರೆಯುವುದು ಹೇಳಿದಷ್ಟು ಸುಲಭವಿರಲಿಲ್ಲ. 20 ಇಂಚು ದಪ್ಪದ ಕಲ್ಲಿನ ಗೋಡೆ, ಕಲ್ಲುಗಳ ನಡುವೆ ಇರುವುದು ಬರೀ ಮಣ್ಣು. ಒಂದು ಕಲ್ಲು ಎಳೆದರೆ ಮೇಲಿನ ನಾಲ್ಕು ಸಡಿಲ. ಮೆಷಿನ್ ಬೇಡ ಅಂದೆ, ಅದರ ನಡುಕಕ್ಕೆ ಜಂತಿಯಿಂದ ಮಣ್ಣು ಉದುರುತ್ತದೆ. ಗೌಂಡಿ ಉಳಿ ಸುತ್ತಿಗೆಯಲ್ಲೇ ಒಂದೂವರೆ ದಿನ ಕುಟ್ಟಿದ. ಮೊದಲು ಮೇಲೊಂದು ಅಡ್ಡಗಲ್ಲು ಕೂರಿಸಿ, ಆಮೇಲೆ ಕೆಳಗಿನದನ್ನು ತೆಗೆದ. ಆರಿಂಚಿನ ಪೈಪಿನ ತುಂಡನ್ನು ತೋಳಿನಂತೆ ಗೋಡೆಯಲ್ಲಿಟ್ಟು, ಅದರೊಳಗೆ ನಾಲ್ಕಿಂಚಿನ ಪೈಪು ತೂರಿಸಿದೆವು.

ಮಣ್ಣಿನ ಗೋಡೆಗೆ ನೀರೇ ಶತ್ರು. ಟೈಲ್ಸನ್ನು ನೇರ ಆ ಗೋಡೆಗೆ ಅಂಟಿಸಿದರೆ ಎಲ್ಲೋ ಒಂದು ಬಿರುಕಿನಿಂದ ನೀರು ಇಳಿದು, ಒಳಗಿನ ಮಣ್ಣು ಕರಗಿ, ಗೋಡೆ ಹೊಟ್ಟೆ ಬಿಡುತ್ತದೆ. ಅದಕ್ಕೆ ಕಲ್ಲುಗೋಡೆಯಿಂದ ಒಂದಿಂಚು ಬಿಟ್ಟು ಒಳಗೊಂದು ತೆಳು ಇಟ್ಟಿಗೆ ಗೋಡೆ ಎಬ್ಬಿಸಿ, ಟೈಲ್ಸು, ನಳ, ಹಿಡಿಕೆ ಎಲ್ಲ ಅದಕ್ಕೇ ಹಾಕಿದೆವು. ಸಂದಿಯ ಕಡೆ ಸಿಮೆಂಟ್ ಬೇಡ, ಸುಣ್ಣದ ಗಾರೆ ಸಾಕು ಅಂದೆ. ಗೋಡೆ ಒಳಗಿನ ತೇವ ಹೊರಗೆ ಹೋಗಲಿ. ಕೊನೆಗೆ ಒಳಗೆ ಉಳಿದದ್ದು 3 ಅಡಿ 3 ಇಂಚು ಅಗಲ, 5 ಅಡಿ ಉದ್ದ. ಅಗಲ 90 ಸೆಂಟಿಮೀಟರಿಗೆ ಕಡಿಮೆ ಇರಬಾರದು ಅನ್ನುತ್ತದೆ ಸಂಹಿತೆ. ನಮ್ಮದು 99.

ಜಾತ್ರೆಗೆ ಹತ್ತು ದಿನ ಮುಂಚೆ ಕೆಲಸ ಮುಗಿಯಿತು. ರಥೋತ್ಸವದ ದಿನ ಅವರ ಮನೆಯಲ್ಲಿ ಉಂಡವರು ನಲವತ್ತಕ್ಕೂ ಜಾಸ್ತಿ. ನಾನೂ ಒಬ್ಬ. ಬೇಸಿನ್ನಿನ ಮುಂದೆ ಸಾಲು ಇತ್ತು, ಅಡುಗೆಮನೆಯಲ್ಲಿ ಸೊಸೆ ಒಬ್ಬರೇ ನಿರಾಳ ರೊಟ್ಟಿ ಬಡಿಯುತ್ತಿದ್ದರು. ಅಜ್ಜಿಯ ಹೆಜ್ಜೆ ಮತ್ತೆ ಎಣಿಸಿದೆ. ಹಾಸಿಗೆಯಿಂದ 11. ಜೋಳದ ಕೋಣೆಯ ಹೊಸ್ತಿಲನ್ನು ತೆಗೆಸಿ, ಜಾಗದಲ್ಲಿ ಅರ್ಧ ಇಂಚಿನ ಕಲ್ಲುಪಟ್ಟಿ ಹಾಕಿಸಿದ್ದೆ.

ಎಲ್ಲ ಸರಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಲೈಟಿನ ಸ್ವಿಚ್ಚನ್ನು ನಾನು ತೆರೆದ ಬಾಗಿಲ ಹಿಂದೆ ಹಾಕಿಸಿದ್ದೆ. ಅಜ್ಜಿ ಕತ್ತಲಲ್ಲೇ ಒಳಗೆ ಹೋಗಿ, ಬಾಗಿಲು ಎಳೆದು, ಮತ್ತೆ ಹೊರಗೆ ಕೈ ಚಾಚಬೇಕಿತ್ತು. ಒಂದು ವಾರದಲ್ಲಿ ಅದನ್ನು ನಡುಮನೆಯ ಗೋಡೆಗೆ, ಹಾಸಿಗೆ ಪಕ್ಕಕ್ಕೆ ತಂದೆವು. ಏಪ್ರಿಲ್ ಬಿಸಿಲಿಗೆ ಇನ್ನೊಂದು ದೂರು. ವಾಸನೆ, ಜೊತೆಗೆ ಜಿರಲೆ. ಕಮೋಡಿನದ್ದಲ್ಲ, ಅದು ದಿನಾ ಬಳಕೆಯಲ್ಲಿದೆ. ನೆಲದ ಜಾಲಿಯದು. ಅದರ ಟ್ರ್ಯಾಪಿನಲ್ಲಿ, ಅಂದರೆ ಕೆಳಗೆ ನೀರು ಹಿಡಿದಿಡುವ ಬಾಗಿನಲ್ಲಿ, ಎರಡಿಂಚು ನೀರು ನಿಂತಿದ್ದರೆ ಮಾತ್ರ ಟ್ಯಾಂಕಿನ ಗಾಳಿ ಮೇಲೆ ಬರುವುದಿಲ್ಲ. ಇಲ್ಲಿ ಸ್ನಾನ ಇಲ್ಲ, ನೆಲ ತೊಳೆಯುವುದು ಅಪರೂಪ. ನಮ್ಮ ಕಡೆಯ ಬೇಸಿಗೆಗೆ ಆ ನೀರು ಒಣಗಿ ಹೋಗಿತ್ತು. ಈಗ ವಾರಕ್ಕೆ ಎರಡು ಸಲ ಒಂದು ಚೊಂಬು ನೀರು ಹಾಕುತ್ತಾರೆ. ಊರಿಗೆ ಹೋಗುವುದಿದ್ದರೆ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರುವುದಿಲ್ಲ ಅಂದಿದ್ದೇನೆ.

ಸಂದಿಯ ಆಚೆ ಮನೆಯವರ ತಕರಾರು ಮಾತ್ರ ಪೂರ್ತಿ ಬಗೆಹರಿದಿಲ್ಲ. ನಮ್ಮ ವೆಂಟಿಲೇಟರಿನ ಎದುರಿಗೇ ಅವರ ಅಡುಗೆಮನೆ ಕಿಟಕಿ ಇದೆ. ಸಂದಿಯಲ್ಲಿ ನಿಂತಾಗ ನಾನು ಕೆಳಗೆ ಪೈಪಿನ ದಾರಿ ನೋಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ. ಗಾಳಿ ಪೈಪನ್ನು ಮಾಳಿಗೆಗಿಂತ ಎರಡು ಅಡಿ ಮೇಲಕ್ಕೆ ಒಯ್ದೆವು. ಎಕ್ಸಾಸ್ಟ್ ಫ್ಯಾನಿನ ಬಾಯನ್ನೂ ಮೇಲಕ್ಕೆ ತಿರುಗಿಸಿದ್ದಾಯಿತು. ವಾಸನೆ ಇಲ್ಲ ಅಂತ ಅವರೇ ಒಪ್ಪುತ್ತಾರೆ. ಆದರೂ ಎದುರಿಗೆ ಕಾಣುತ್ತಲ್ಲ ಅನ್ನುತ್ತಾರೆ. ಅದಕ್ಕೊಂದು ಮರೆ ಕಟ್ಟಿಸುವ ಮಾತು ನಡೆದಿದೆ.

ಯಜಮಾನರು ಇವತ್ತಿಗೂ ಹಿತ್ತಲಿಗೇ ಹೋಗುತ್ತಾರೆ. ಕಮೋಡಿನ ಮೇಲೆ ಕೂತರೆ ಆಗುವುದಿಲ್ಲವಂತೆ. ಮೊನ್ನೆ ಅವರದೇ ಫೋನ್ ಬಂದಿತ್ತು: ಸಂದಿಯಲ್ಲಿ ಪೈಪು ಕಟ್ಟಿಕೊಂಡರೆ ತೆರೆದು ನೋಡುವ ಚೇಂಬರಿನ ಮುಚ್ಚಳದ ಮೇಲೆ ಸೊಸೆ ಮಲ್ಲಿಗೆ ಕುಂಡ ಇಟ್ಟಿದ್ದಾಳೆ, ಇಡಬಹುದೋ ಇಲ್ಲವೋ ಅಂತ. ಒಬ್ಬರೇ ಎತ್ತಿ ಸರಿಸುವಷ್ಟು ಹಗುರ ಇದ್ದರೆ ಇರಲಿ ಅಂದೆ.